ಹಾರ್ಟ್ ಅಟ್ಯಾಕ್ ಅಂತ ಬರೆದು ಮುಗಿಸಿದರೆ ಆಯ್ತಾ?

ಈಗೀಗ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂದರೆ ಸಾಕು, ಕೆಳಗೆ ಏನು ಬರೆದಿರುತ್ತದೆ ಅಂತ ಓದದೆಯೇ ಗೊತ್ತಾಗುತ್ತದೆ. ಮೂವತ್ತರ ಆಸುಪಾಸಿನ ಹುಡುಗ, ಜೀಪಿಗೆ ಒರಗಿ ನಿಂತಿರುತ್ತಾನೆ, 'ಹೃದಯಾಘಾತದಿಂದ ನಿಧನ'. ಸಂಜೆವರೆಗೆ ಓಂ ಶಾಂತಿ. ಆಮೇಲೆ ಶುರು. ಒಬ್ಬರು ಕೋವಿಡ್ ಲಸಿಕೆ ಅಂತಾರೆ, ಒಬ್ಬರು ಜಿಮ್ ಅಂತಾರೆ, ಇನ್ನೊಬ್ಬರು ಪಂದಿಕರಿ (ಹಂದಿ ಸಾರು) ಮತ್ತು ಪೆಗ್ಗು ಅಂತ ಬರೆದು ನಗುವ ಇಮೋಜಿ ಬೇರೆ ಹಾಕುತ್ತಾರೆ. ಕೊನೆಗೆ ಯಾರೋ 'ಕೊಡಗಿನಲ್ಲಿ ಈ ವರ್ಷ ಇದು ಇಷ್ಟನೇ ಸಾವು' ಅಂತ ಒಂದು ನಂಬರ್ ಎಸೆಯುತ್ತಾರೆ. ಎಲ್ಲಿಂದ ಬಂತು ಈ ಲೆಕ್ಕ ಅಂತ ಕೇಳಿದರೆ ಮಾತಿಲ್ಲ.

2025ರ ಮೇ-ಜೂನ್‌ನಲ್ಲಿ ಪಕ್ಕದ ಹಾಸನದಲ್ಲಿ ಇದೇ ಆಗಿದ್ದು. ಟಿವಿಯವರು ದಿನಾ ಎಣಿಸಿದರು. ಜನ ಹೆದರಿ ಬೆಳಕು ಹರಿಯುವ ಮೊದಲೇ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ತೆಗೆದು ನೋಡಿದರೆ, 4 ಸಾವಿಗೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಉಳಿದದ್ದರಲ್ಲೂ ಎಷ್ಟೋ ಸಾವು 'ಹೃದಯದ ಕಾರಣ ಇರಬಹುದು' ಅನ್ನುವ ಪಟ್ಟಿಗೆ ಹೋದವು. ಇರಬಹುದು, ಅಷ್ಟೇ. ಯಾಕೆಂದರೆ ಸತ್ತವರನ್ನು ಪರೀಕ್ಷೆ ಮಾಡದೆ ಅದಕ್ಕಿಂತ ಜಾಸ್ತಿ ಹೇಳೋಕೆ ಯಾರಿಂದಲೂ ಆಗುವುದಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ನಾವು ಸಾವನ್ನು ಎಣಿಸುತ್ತೇವೆ, ಕಾರಣ ಹುಡುಕುವುದಿಲ್ಲ. ಮರಣದ ಕಾರಣ ಬರೆಯುವ ಸರ್ಕಾರಿ ನಮೂನೆಯಲ್ಲೇ ಸೂಚನೆ ಇದೆ, ಸತ್ತ ರೀತಿ ಬರೆಯಬೇಡಿ, ಕಾಯಿಲೆ ಬರೆಯಿರಿ ಅಂತ. ಆದರೂ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಅಂತ ಒಂದು ಸಾಲು ಗೀಚಿ ಕೊಡುತ್ತಾರೆ. ಹೃದಯ ಮತ್ತು ಉಸಿರು ನಿಂತಿತು ಅಂತ ಅರ್ಥ. ಸತ್ತವರೆಲ್ಲರಿಗೂ ಅದು ನಿಂತೇ ಇರುತ್ತದೆ ಅಲ್ವಾ? ಮನೆಯಲ್ಲೇ ಸತ್ತರೆ ಆ ಸಾಲೂ ಇಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ.

ಹೃದಯದ ಕಾರಣಕ್ಕೆ ಹಠಾತ್ತಾಗಿ ಸತ್ತವರನ್ನು ಪರೀಕ್ಷಿಸಿದಾಗ, 35 ದಾಟಿದವರಲ್ಲಿ ಜಾಸ್ತಿ ಸಿಗುವುದು ಹೃದಯದ ರಕ್ತನಾಳ ಕಟ್ಟಿಕೊಂಡ ಕಥೆ. ಅದಕ್ಕಿಂತ ಸಣ್ಣವರಲ್ಲಿ ಬೇರೆ ಕಾರಣಗಳೂ ಇರುತ್ತವೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ (ಡಾಕ್ಟರುಗಳು ಎಚ್‌ಸಿಎಂ ಅಂತಾರೆ), ಹೃದಯದ ವಿದ್ಯುತ್ ಲಯ ತಪ್ಪಿಸುವ ಲಾಂಗ್ ಕ್ಯೂಟಿ, ಬ್ರುಗಾಡ ಅನ್ನುವ ಕಾಯಿಲೆಗಳು, ವೈರಲ್ ಜ್ವರದ ನಂತರ ಸ್ನಾಯುವಿಗೆ ಬರುವ ಉರಿಯೂತ. ಲಾಂಗ್ ಕ್ಯೂಟಿಯ ಒಂದು ಬಗೆಯಲ್ಲಿ ಈಜುವಾಗಲೇ ಲಯ ಕೆಡುತ್ತದೆ. ಚೆನ್ನಾಗಿ ಈಜು ಬರುವ ಹುಡುಗ ಹೊಳೆಯಲ್ಲಿ ಮುಳುಗಿ ಸತ್ತ ಅಂತ ನಮ್ಮಲ್ಲಿ ಕೇಳುತ್ತಲೇ ಇರುತ್ತೇವೆ. ಅದರಲ್ಲಿ ಒಂದಾದರೂ ಇದೇ ಆಗಿದ್ದರೆ? ಕಡತದಲ್ಲಿ ಅದು ಬರೀ ನೀರುಪಾಲು.

ಇವುಗಳಲ್ಲಿ ಬಹಳಷ್ಟು ವಂಶದಲ್ಲಿ ಬರುವಂಥವು. ಎಚ್‌ಸಿಎಂ ಆಗಲಿ ಲಾಂಗ್ ಕ್ಯೂಟಿ ಆಗಲಿ, ಅಪ್ಪ ಅಥವಾ ಅಮ್ಮನಲ್ಲಿ ಆ ದೋಷ ಇದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಪೋಸ್ಟ್‌ಮಾರ್ಟಂ ಬೇಕಿರುವುದು ಸತ್ತವನಿಗಲ್ಲ, ಅವನ ತಮ್ಮನಿಗೆ, ತಂಗಿಗೆ.

ನನಗೆ ಗೊತ್ತಿರುವ ಒಂದು ಮನೆ, ಊರು ಬೇಡ. ಜುಲೈ ಮಳೆ. ರಾತ್ರಿ ಊಟ ಮಾಡಿ ಮಲಗಿದ ಹುಡುಗ ಬೆಳಗ್ಗೆ ಏಳಲಿಲ್ಲ. ಆಂಬುಲೆನ್ಸ್ ಡ್ರೈವರ್ ಮಾಡಿನ ಕೆಳಗೆ ನಿಂತು "ಎಲ್ಲಿಗೆ ಅಂತ ಒಂದು ಹೇಳಿ ಸಾರ್" ಅನ್ನುತ್ತಿದ್ದ. ಹಿರಿಯರೊಬ್ಬರು ಕಡ್ಡಿ ಮುರಿದಂತೆ ಹೇಳಿದರು, "ಅವ ಹೋಗಿ ಆಯ್ತು, ಇನ್ನು ಕೊಯ್ದು ಏನು ಮಾಡೋದು? ಯುಡಿಆರ್ (ಅಸಹಜ ಸಾವಿನ ವರದಿ) ಅಂತಾರೆ, ಪೊಲೀಸ್ ಅಂತಾರೆ, ಮಡಿಕೇರಿಗೆ ಹೋಗಿ ಬರುವಾಗ ಕತ್ತಲಾಗ್ತದೆ." ಅವರ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ರಸ್ತೆಗೆ ಮರ ಬಿದ್ದಿತ್ತು, ಕರೆಂಟ್ ಇರಲಿಲ್ಲ. ಅಂಗಳದಲ್ಲಿ ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ ತಮ್ಮನ ಕಡೆ ಮಾತ್ರ ಯಾರೂ ನೋಡಲಿಲ್ಲ. ನರ್ಸ್ ಆಗಿರುವ ಅವನ ಚಿಕ್ಕಮ್ಮ ಬಿಡದೆ ಗಂಟುಬಿದ್ದು, ತಿಥಿ ಮುಗಿದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದರು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಸರಿ ಇದೆ. ಡಾಕ್ಟರ್ ಕೇಳಿದರಂತೆ, "ಅಣ್ಣನ ಪೋಸ್ಟ್‌ಮಾರ್ಟಂ ರಿಪೋರ್ಟ್ ಎಲ್ಲಿ?" ಇಲ್ಲ. ಏನನ್ನು ಹುಡುಕಬೇಕು ಅಂತಲೇ ಗೊತ್ತಿಲ್ಲದೆ ಆ ಹುಡುಗ ಈಗ ವರ್ಷ ವರ್ಷ ಚೆಕಪ್‌ಗೆ ಹೋಗಬೇಕು.

2025ರ ಜುಲೈನಲ್ಲಿ ಆರೋಗ್ಯ ಸಚಿವರು ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂದರು. ಒಳ್ಳೆಯದೇ. ಆದರೆ ಜಿಲ್ಲೆಯ ಅಂಚಿನ ಕುಟ್ಟದಿಂದಲೋ ಕರಿಕೆಯಿಂದಲೋ ಮಳೆಯಲ್ಲಿ ಶವ ಹೊತ್ತು ತರುವ ಮನೆಯವರಿಗೆ ಗಾಡಿ ಯಾರು ಕೊಡುತ್ತಾರೆ? ಪೊಲೀಸ್ ಕೇಸಿನ ಹೆದರಿಕೆ ಇಲ್ಲದೆ, ಬರೀ ಕಾಯಿಲೆ ತಿಳಿಯೋಕೆ ಪರೀಕ್ಷೆ ಮಾಡಿಸುವ ದಾರಿ ಇದೆ ಅಂತ ಯಾರು ಹೇಳುತ್ತಾರೆ? ವಾರಗಟ್ಟಲೆ ಬಿಟ್ಟು ಬರುವ ರಿಪೋರ್ಟನ್ನು ಅಮ್ಮನ ಎದುರು ಕೂತು ಓದಿ ಹೇಳುವವರು ಯಾರು? ಇದಾಗದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಲಸಿಕೆ ವಾದದವರಿಗೆ ಒಂದೇ ಮಾತು. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 47 ಆಸ್ಪತ್ರೆಗಳಲ್ಲಿ 18ರಿಂದ 45ರ ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಅಪಾಯ ಹೆಚ್ಚಿಸುವಂತೆ ಕಂಡದ್ದು ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾಯುವ ಮೊದಲಿನ 48 ಗಂಟೆಯಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ಮೈದಣಿಸುವ ಚಟುವಟಿಕೆ. ಇಮೋಜಿ ಹಾಕಿದ ಪುಣ್ಯಾತ್ಮನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಸಾವಿನ ಮನೆಯಲ್ಲಿ ಹೇಳುವ ಮಾತಾ ಅದು?

ಮನೆತನದ ಇತಿಹಾಸ ಕೇಳಿದರೆ ನಮ್ಮ ಕೊಡವರಷ್ಟು ಸುಲಭವಾಗಿ ಯಾರು ಹೇಳುತ್ತಾರೆ? ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಕೂತ ಅಜ್ಜಿಗೆ ಒಕ್ಕದ, ಅಂದರೆ ಮನೆತನದ, ನಾಲ್ಕು ತಲೆಮಾರು ಬಾಯಲ್ಲೇ ಇರುತ್ತದೆ. ಗದ್ದೆಯಲ್ಲಿ ಬಿದ್ದು ಸತ್ತ ದೊಡ್ಡಪ್ಪ, ಓಡುವಾಗ ಕುಸಿದ ಅತ್ತೆಯ ಮಗ, ಎಲ್ಲ ನೆನಪಿದೆ. ಡಾಕ್ಟರ್ ಮುಂದೆ ಮಾತ್ರ ಯಾರೂ ಹೇಳುವುದಿಲ್ಲ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ, ಬುಡಕಟ್ಟಿನವರ ಹಾಡಿಯಲ್ಲಿ ಇರುವವರನ್ನಂತೂ ಕೇಳುವವರೇ ಇಲ್ಲ. ಅವರ ಮಕ್ಕಳು ಸತ್ತರೆ ಗ್ರೂಪಿನಲ್ಲಿ ಫೋಟೊ ಕೂಡ ಬರುವುದಿಲ್ಲ. ಹಾಗಾಗಿ ಆ ವಾಟ್ಸಾಪ್ ಲೆಕ್ಕ ಹೇಗಿದ್ದರೂ ತಪ್ಪು.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಹಾಕಿ ನಮ್ಮೆಗೆ (ಕೊಡವ ಕುಟುಂಬಗಳ ಹಾಕಿ ಹಬ್ಬ) 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ ತಂಡಗಳು ಬಂದವು. ಬೇಸಿಗೆಯ ಬಿಸಿಲಲ್ಲಿ ಹತ್ತರ ಹುಡುಗನಿಂದ ಅರವತ್ತರ ಅಜ್ಜನವರೆಗೆ ಎಲ್ಲರೂ ಓಡುತ್ತಾರೆ. ಇಟಲಿಯ ವೆನೆಟೋದಲ್ಲಿ ಆಟಗಾರರಿಗೆ ಇಸಿಜಿ ಕಡ್ಡಾಯ ಮಾಡಿದ ಮೇಲೆ ಅವರ ಹಠಾತ್ ಸಾವು ಶೇ. 89ರಷ್ಟು ಇಳಿಯಿತು. ಅದು ಗೊತ್ತಾದದ್ದು ಅಲ್ಲಿ ಯುವಕರ ಹಠಾತ್ ಸಾವಿನ ಲೆಕ್ಕವನ್ನು 1979ರಿಂದ ಇಟ್ಟಿದ್ದರಿಂದ. ನಮ್ಮಲ್ಲಿ ಎಲ್ಲರಿಗೂ ಇಸಿಜಿ ಆಗದ ಮಾತು, ಇರಲಿ. ತಂಡದ ಹೆಸರು ಬರೆಸುವ ಫಾರಂನಲ್ಲಿ ಒಂದು ಸಾಲು ಸೇರಿಸೋಕೆ ಏನು ಖರ್ಚು? 'ನಿಮ್ಮ ಮನೆಯಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತಾಗಿ ಸತ್ತಿದ್ದಾರಾ? ನೀವು ಓಡುವಾಗ ಯಾವತ್ತಾದರೂ ತಲೆತಿರುಗಿ ಬಿದ್ದಿದ್ದೀರಾ?' ಹೌದು ಅಂದವರು ಮೊದಲು ಒಂದು ಇಸಿಜಿ, ಒಂದು ಎಕೋ ಮಾಡಿಸಿಕೊಂಡು ಬರಲಿ. ಮೈದಾನದ ಪಕ್ಕ ನಿಂತ ಹೃದಯಕ್ಕೆ ಶಾಕ್ ಕೊಡುವ ಒಂದು ಎಇಡಿ ಯಂತ್ರ ಇರಲಿ, ಎದೆ ಒತ್ತೋಕೆ ಕಲಿತ ನಾಲ್ಕು ಜನ ಇರಲಿ. ಬಿದ್ದವನಿಗೆ ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ. 7ರಿಂದ 10 ಇಳಿಯುತ್ತದೆ, ಮೈಸೂರು ಇಲ್ಲಿಂದ ಎರಡೂವರೆ ಗಂಟೆ. ಯಂತ್ರಕ್ಕೆ ಲಕ್ಷದ ಆಸುಪಾಸು ಆಗುತ್ತದೆ. ಮುಂದಿನ ಸಲ ನಮ್ಮೆ ನಡೆಸುವ ಕುಟುಂಬದವರು ಯಾರೇ ಆಗಲಿ, ಬಜೆಟ್ ಮಾಡುವಾಗ ಈ ಬಾಬ್ತನ್ನೂ ಬರೆದುಕೊಳ್ಳಿ. ಚಂದಾ ಎತ್ತೋಕೆ ನಾನೂ ಬರುತ್ತೇನೆ.