ಸತ್ಯಾಂಶ: ತಿಂಗಳಿಗೆ 210 ಕಟ್ಟಿದರೆ ಎಲ್ಲರಿಗೂ 5,000 ಪಿಂಚಣಿಯಾ?

ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಸ್ವಂತ ಉದ್ಯೋಗದವರು ಯಾವ ವಯಸ್ಸಿನಲ್ಲಾದರೂ ತಿಂಗಳಿಗೆ 210 ರೂಪಾಯಿ ಕಟ್ಟಿ, 60ಕ್ಕೆ 5,000 ಪಿಂಚಣಿ ಪಡೆಯಿರಿ." ಅರ್ಧ ನಿಜ.

ಇದು 2015ರಲ್ಲಿ ಶುರುವಾದ ಅಟಲ್ ಪಿಂಚಣಿ ಯೋಜನೆ. 210 ಅನ್ನುವುದು 18ನೇ ವಯಸ್ಸಿಗೆ ಸೇರಿದವರ ಲೆಕ್ಕ. ಟೈಲರ್ ಅಂಗಡಿಯವರು 30ಕ್ಕೆ ಸೇರಿದರೆ 577, 35ಕ್ಕೆ ಸೇರಿದರೆ 902 ಕಟ್ಟಬೇಕು, 40 ದಾಟಿದವರಿಗಂತೂ ಬಾಗಿಲೇ ಇಲ್ಲ. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರೂ ಹೊಸದಾಗಿ ಸೇರುವಂತಿಲ್ಲ.

ಕಂತು ಖಾತೆಯಿಂದ ತಾನಾಗೇ ಕಡಿತ ಆಗುತ್ತದೆ. ಕಾರವಾರದಲ್ಲಿ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ, ಆಗ ಖಾತೆಯಲ್ಲಿ ದುಡ್ಡು ಎಲ್ಲಿರುತ್ತದೆ, ಅಲ್ವಾ? ಅಂಥ ಮೀನುಗಾರರು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಕಟ್ಟುವ ಆಯ್ಕೆ ತೆಗೆದುಕೊಳ್ಳಬಹುದು. ಅಡಿಕೆ ಮಾರಿದಾಗ ಮಾತ್ರ ಕೈಯಲ್ಲಿ ಕಾಸು ಆಡುವವರಿಗೂ ಅದೇ ಸುಲಭ.

ಇನ್ನೊಂದು ವಿಷಯ ಸಂದೇಶದಲ್ಲಿ ಇರುವುದೇ ಇಲ್ಲ. ಆ 5,000 ಬೆಲೆ ಏರಿದಂತೆ ಏರುವುದಿಲ್ಲ. ಈಗ 30 ಇರುವವರ ಕೈಗೆ ಅದು ಬರುವುದು 30 ವರ್ಷದ ನಂತರ, ಆಗ ಒಂದು ಕೆಜಿ ಇಸವಾಣ ಮೀನಿಗೆ ಎಷ್ಟಾಗಿರುತ್ತದೋ! ಹಾಗಂತ ಯೋಜನೆ ಮೋಸ ಅಲ್ಲ, ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅಷ್ಟೇ ಹಣ ಮುಂದುವರಿಯುತ್ತದೆ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ವಯಸ್ಸು 40 ದಾಟಿದ್ದರೆ, ಅಥವಾ ತೆರಿಗೆ ಕಟ್ಟುತ್ತಿದ್ದರೆ, ಎಲ್ಲ ನಾಗರಿಕರಿಗೂ 2009ರಿಂದಲೇ ತೆರೆದಿರುವ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಇದೆ. ಅಂಚೆ ಕಚೇರಿಯಲ್ಲಿ 15 ವರ್ಷದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಉಳಿತಾಯ ಖಾತೆ ಕೂಡ ಇದೆ, ವರ್ಷಕ್ಕೆ 500 ಹಾಕಿದರೂ ಖಾತೆ ಚಾಲ್ತಿಯಲ್ಲಿರುತ್ತದೆ.