ನಾನು ಬೋರಿಂಗ್, ಮ್ಯಾನೇಜರ್ ದಿವಂಗತ

ಕೂತು ಕೂತು ಬೇಜಾರಾದವರು ‘ಐ ಆಮ್ ಬೋರಿಂಗ್’ ಎಂದು ಮೆಸೇಜ್ ಕಳಿಸುತ್ತಾರೆ. ಓದಿದವರು ದಾಕ್ಷಿಣ್ಯಕ್ಕಾದರೂ ‘ಛೇ, ಹಾಗೇನಿಲ್ಲ’ ಅನ್ನಬೇಕಾಗುತ್ತದೆ. ಯಾಕೆಂದರೆ ಕಳಿಸಿದವರು ಒಪ್ಪಿಕೊಂಡಿರುವುದು ‘ನಾನು ತಲೆ ತಿನ್ನುವ ಆಸಾಮಿ’ ಎಂದು!

ತಪ್ಪು ಪಾಪ ಅವರದ್ದಲ್ಲ, ಚತುರ್ಥಿ ವಿಭಕ್ತಿಯದು. ‘ನನಗೆ ಬೇಜಾರು’ ಅಂದಾಗ, ಬೇಜಾರು ಎಲ್ಲಿಂದಲೋ ಬಂದು ನನ್ನ ಮೇಲೆ ಬಿತ್ತು ಅನ್ನುವುದನ್ನು ಆ ‘ಗೆ’ಯೇ ಹೇಳಿಬಿಡುತ್ತದೆ. ‘ಐ ಆಮ್’ಗೆ ಆ ಸೌಕರ್ಯವಿಲ್ಲ. ಹಾಗಾಗಿ ಇಡೀ ಭಾರ ಅಡ್ಜೆಕ್ಟಿವ್‌ನ, ಅಂದರೆ ಗುಣವಾಚಕದ, ಬಾಲಕ್ಕೆ. ಬಾಲದಲ್ಲಿ ‘ಇಂಗ್’ ಇದ್ದರೆ ಕಾಟ ಕೊಡುವವರು, ‘ಇ-ಡಿ’ ಇದ್ದರೆ ಕಾಟ ತಿನ್ನುವವರು. ಭಾಷಣ ಬೋರಿಂಗ್, ಕೇಳುಗ ಬೋರ್ಡ್. ಅರ್ಜಿ ನಮೂನೆ ಕನ್‌ಫ್ಯೂಸಿಂಗ್, ತುಂಬುವವನು ಕನ್‌ಫ್ಯೂಸ್ಡ್. ಕೆಲಸದ ಅರ್ಜಿಯಲ್ಲಿ ‘ಐ ಆಮ್ ಇಂಟರೆಸ್ಟಿಂಗ್’ ಎಂದು ಬರೆದರೆ ಅದು ಆಸಕ್ತಿಯಲ್ಲ, ಆತ್ಮಪ್ರಶಂಸೆ.

ಜಾಗ ಬದಲಾದರೆ ಜೀವವೇ ಹೋಗುವ ಅಡ್ಜೆಕ್ಟಿವ್‌ಗಳೂ ಇವೆ. ‘ದ ಮ್ಯಾನೇಜರ್ ಈಸ್ ಲೇಟ್’ ಅಂದರೆ ಇನ್ನೇನು ಬರುತ್ತಾರೆ. ‘ದ ಲೇಟ್ ಮ್ಯಾನೇಜರ್’ ಅಂದರೆ ಇನ್ನು ಬರುವುದಿಲ್ಲ. ‘ಕನ್ಸರ್ನ್ಡ್’ ಕೂಡ ಅದೇ ಜಾತಿ. ‘ಆಫೀಸರ್ ಕನ್ಸರ್ನ್ಡ್’ ಸಂಬಂಧಪಟ್ಟ ಅಧಿಕಾರಿ. ಪದವನ್ನು ಮುಂದಕ್ಕೆ ತಂದರೆ, ವ್ಯಾಕರಣದ ಕಟ್ಟುನಿಟ್ಟಿನಲ್ಲಿ, ಚಿಂತೆಗೀಡಾದ ಅಧಿಕಾರಿ. ನಮ್ಮ ಪತ್ರಗಳಲ್ಲೆಲ್ಲ ಇರುವುದು ಈ ಎರಡನೆಯವರೇ.

‘ಮೋರ್ ಬೆಟರ್’ ನಮ್ಮ ‘ನಡುಮಧ್ಯ’ದ ದಾಯಾದಿ. ಬೆಟರ್ ಒಳಗೇ ಮೋರ್ ಇದೆ. ಆದರೆ ಕನ್ನಡದಲ್ಲಿ ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಮಾಡಿ ಮುಗಿಸುವುದರಿಂದ, ಗುಣವಾಚಕವೂ ರೂಪ ಬದಲಿಸುತ್ತದೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ.

ಇನ್ನು ಸಾಲು. ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು, ಉದ್ದೇಶ: ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್‌ಗಳು ಕ್ಯೂ ನಿಲ್ಲುವ ಕ್ರಮ ಸುಮಾರಾಗಿ ಇದು. ‘ವುಡನ್ ಬಿಗ್ ಬಾಕ್ಸ್’ ಅಂದರೆ ವುಡನ್ ಮಧ್ಯೆ ನುಗ್ಗಿದ ಹಾಗೆ. ‘ಬಿಗ್ ವುಡನ್ ಬಾಕ್ಸ್’ ಸರಿ. (ನಮ್ಮ ‘ದೊಡ್ಡ ಮರದ ಪೆಟ್ಟಿಗೆ’ಯಲ್ಲಿ ದೊಡ್ಡದು ಮರವೋ ಪೆಟ್ಟಿಗೆಯೋ, ಇವತ್ತಿಗೂ ಇತ್ಯರ್ಥವಾಗಿಲ್ಲ.) ಎಂಟನ್ನೂ ಒಂದೇ ನಾಮಪದದ ಮೇಲೆ ಹೇರಬೇಡಿ, ಸೊಂಟ ಮುರಿದೀತು. ಎರಡು ಮೂರು ಧಾರಾಳ.

ಎಲ್ಲಕ್ಕಿಂತ ಪೋಕರಿ ಎಂದರೆ ಹೈಫನ್. ‘ಹೀ ಈಸ್ ಫೈವ್ ಇಯರ್ಸ್ ಓಲ್ಡ್’ ಸರಿ. ಅದೇ ಮಾತು ಹುಡುಗನ ಮುಂದೆ ಬಂದು ನಿಂತರೆ ‘ಇಯರ್ಸ್’ನ ‘ಎಸ್’ ಉದುರಿ ‘ಎ ಫೈವ್-ಇಯರ್-ಓಲ್ಡ್ ಬಾಯ್’ ಆಗುತ್ತದೆ, ನಡುವೆ ಎರಡು ಹೈಫನ್. ಹುಡುಗರು ಹಲವರಾದಾಗ ನೋಡಿ ತಮಾಷೆ. ‘ಫೈವ್-ಇಯರ್-ಓಲ್ಡ್ ಬಾಯ್ಸ್’ ಅಂದರೆ ಐದು ವರ್ಷದ ಹುಡುಗರು, ಎಷ್ಟು ಜನವೋ ಗೊತ್ತಿಲ್ಲ. ಮೊದಲ ಹೈಫನ್ ಬಿಟ್ಟು ‘ಫೈವ್ ಇಯರ್-ಓಲ್ಡ್ ಬಾಯ್ಸ್’ ಎಂದು ಬರೆದಿರೋ, ಒಂದೊಂದು ವರ್ಷದ ಐದು ಕೂಸುಗಳು ಒಟ್ಟಿಗೇ ಅಳಲು ಶುರು.