ಪುಸ್ತಕ ತಂದಿಲ್ಲದವರು ಎದ್ದು ನಿಲ್ಲಿ

ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷ ನನ್ನ ಕ್ಲಾಸು ದಿನಾ ಈ ಮಾತಿನಿಂದಲೇ ಆರಂಭವಾಗುತ್ತಿತ್ತು. ಒಂದು ದಿನ ಅರ್ಧ ಕ್ಲಾಸು ಎದ್ದು ನಿಂತಿತು. ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ ಕೇಳಿದ: "ಸರ್, ಹೋದ ವಾರ ಪೂರ್ತಿ ತಂದಿದ್ದೆ. ಒಂದು ದಿನಾನೂ ತೆಗೆಸಲಿಲ್ವಲ್ಲ?"

ಸಿಟ್ಟು ಬಂತು, ಉತ್ತರ ಬರಲಿಲ್ಲ. ಸಾಹಿತ್ಯದ ಮೇಷ್ಟ್ರು ನಾನು. ಕವಿತೆಯ ಸಾರಾಂಶ ಹೇಳಿ ಬರೆಸುತ್ತಿದ್ದೆನೇ ಹೊರತು ಕವಿತೆಯನ್ನೇ ಓದಿಸುತ್ತಿರಲಿಲ್ಲ. ಪುಸ್ತಕ ಬ್ಯಾಗಿನಲ್ಲೇ ಮಲಗಿದ್ದು ಮನೆಗೆ ವಾಪಸ್.

ಲೆಕ್ಚರ್ ಅನ್ನುವ ಪದದ ಮೂಲ ಅರ್ಥವೇ ಓದುವುದು. ಅಚ್ಚುಯಂತ್ರ ಬರುವ ಮುಂಚೆ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಕೈಬರಹದ ಪುಸ್ತಕ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ; ಗುರು ಓದುತ್ತಿದ್ದ, ಶಿಷ್ಯರು ಕೇಳುತ್ತಿದ್ದರು. ಗುಟೆನ್‌ಬರ್ಗ್ 15ನೇ ಶತಮಾನದಲ್ಲೇ ಅಚ್ಚುಯಂತ್ರ ತಂದು ಆ ಕಷ್ಟ ತಪ್ಪಿಸಿದ. ಸುದ್ದಿ ನನಗೆ ತಲುಪಿರಲಿಲ್ಲ, ಅಷ್ಟೆ.

ಈಗ ನನ್ನ ನಿಲುವು ಸರಳ. ಕ್ಲಾಸಿನಲ್ಲಿ ತೆಗೆಸುವುದಾದರೆ ತರಲಿ, ಇಲ್ಲವಾದರೆ ಹೊರೆ ಬೇಡ. ಕಾನೂನು ಓದುವವರು ಸೆಕ್ಷನ್ನಿನ ಒಂದೊಂದು ಪದವನ್ನೂ ನೋಡಲೇಬೇಕು. ಥರ್ಮೋಡೈನಮಿಕ್ಸ್‌ನಲ್ಲಿ ಸ್ಟೀಮ್ ಟೇಬಲ್, ಅಂದರೆ ಹಬೆಯ ಗುಣಗಳ ಅಂಕಿಪಟ್ಟಿ, ಇಲ್ಲದೆ ಲೆಕ್ಕ ಮುಂದೆ ಹೋಗುವುದಿಲ್ಲ. ಆದರೆ ಅದಕ್ಕೆ ತೆಳ್ಳನೆಯ ಟೇಬಲ್ ಪುಸ್ತಕ ಸಾಕು, ದಪ್ಪ ಟೆಕ್ಸ್ಟ್‌ಬುಕ್ ಮನೆಯಲ್ಲೇ ಇರಲಿ.

"ಮೊಬೈಲಲ್ಲಿ ಇದೆ ಸರ್" ಅನ್ನುವವರ ಜೊತೆ ನನಗೆ ಜಗಳವಿಲ್ಲ. ಎಲ್ಲರೂ ಪುಸ್ತಕ ಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ಇಬ್ಬರಿಗೆ ಒಂದು ಪ್ರತಿ ಇದ್ದರೂ ನಡೆಯುತ್ತದೆ. ಆದರೆ ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: "ಕವಿ ಈ ಸಾಲನ್ನ ಇಲ್ಲೇ ಯಾಕೆ ಮುರಿದಿದ್ದಾರೆ?" ಒಳ್ಳೆಯ ಪ್ರಶ್ನೆ ಅಂತ ಖುಷಿಯಾಗಿ ಹೋಗಿ ನೋಡಿದರೆ, ಯಾರೋ ಟೈಪ್ ಮಾಡಿ ಗ್ರೂಪಿಗೆ ಹಾಕಿದ ಕವಿತೆ. ಸಾಲು ಮುರಿದದ್ದು ಕವಿಯಲ್ಲ, ಫೋನಿನ ಸಣ್ಣ ಸ್ಕ್ರೀನು. 54 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಸ್ಕ್ರೀನಿಗಿಂತ ಕಾಗದದ ಮೇಲೆ ಓದಿದ್ದು ಹೆಚ್ಚು ಅರ್ಥವಾಗುತ್ತದೆ ಎಂದಿತ್ತು, ಅದರಲ್ಲೂ ಗಡಿಬಿಡಿಯಲ್ಲಿ ಓದುವಾಗ. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ನಮ್ಮ ಕ್ಲಾಸಿನಲ್ಲಿ ಗಡಿಬಿಡಿ ಇಲ್ಲದ ದಿನ ಯಾವುದು?

ಈಗ ಹಿಂದಿನ ರಾತ್ರಿಯೇ ಗ್ರೂಪಿಗೆ "ನಾಳೆ ಪುಸ್ತಕ ಬೇಕು" ಅಥವಾ "ಬೇಡ" ಅಂತ ಹಾಕುತ್ತೇನೆ. ಮೊನ್ನೆ "ಬೇಕು" ಅಂತ ಹಾಕಿ ನಾನೇ ಮರೆತು ಹೋದೆ. ಯಾರೂ ನನ್ನನ್ನು ಎದ್ದು ನಿಲ್ಲಿಸಲಿಲ್ಲ, ಪುಣ್ಯಕ್ಕೆ ಮೊದಲೇ ನಿಂತಿದ್ದೆ. ಮುಂದಿನ ಬೆಂಚಿನವಳು ತನ್ನ ಪ್ರತಿ ಚಾಚಿದಳು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಇಲ್ಲಿ 'ನಾವು' ಅಂದರೆ ಯಾರು?" ಆ ಗಂಟೆಯೆಲ್ಲಾ ಅದೇ ಪ್ರಶ್ನೆಯಲ್ಲಿ ಕಳೆಯಿತು.